ಪುಟ್ಟಬಸಮ್ಮನ ಒನಕೆ ಏಟು

ನಮ್ಮ ಹೈಸ್ಕೂಲಿನಲ್ಲಿ ಭೂಕಂಪ, ಜ್ವಾಲಾಮುಖಿ ಎರಡೂ ನನ್ನವು. ಇಪ್ಪತ್ತೆರಡು ವರ್ಷದಿಂದ ಎಂಟನೇ ಕ್ಲಾಸಿಗೆ ಸಮಾಜ ಪಾಠ ಮಾಡ್ತಿರೋ ನಂಜೇಶ್ ನಾನು. ದಿನಾ ತಿ. ನರಸೀಪುರದಿಂದ ಬೈಕಿನಲ್ಲಿ ಹದಿನಾರು ಅನ್ನೋ ಗ್ರಾಮದ ಆಚೆಯ ಈ ಊರಿಗೆ ಬಂದು ಹೋಗ್ತೀನಿ. ಸ್ಟಾಫ್ ರೂಮಿನ ಬೀರುವಿನ ಮೇಲೆ ನಾನೇ ಮಾಡಿದ ಥರ್ಮಾಕೋಲ್ ಬೆಟ್ಟ ಇದೆ. ಅದರ ಬಾಯಿಗೆ ಅಡುಗೆ ಸೋಡಾ ಹಾಕಿ, ಕುಂಕುಮ ಕದಡಿದ ವಿನೆಗರ್ ಸುರಿದರೆ ಕೆಂಪಗೆ ಉಕ್ಕುತ್ತದೆ. ತಾಲ್ಲೂಕಿನಲ್ಲಿ ಮೂರು ಸಲ ಬಹುಮಾನ ತಂದ ಬೆಟ್ಟ ಅದು. ಇಂಥ ನನಗೆ ಬಿಸಿಯೂಟದ ಅಡುಗೆಯಮ್ಮನ ಮೇಲೆ ಹೊಟ್ಟೆಕಿಚ್ಚು ಬಂತು ಅಂದರೆ ನಗ್ತೀರಿ. ನಗಿ, ಪರವಾಗಿಲ್ಲ.

ಆವಮ್ಮನ ಹೆಸರು ಪುಟ್ಟಬಸಮ್ಮ. ಓದಿದ್ದು ಮೂರನೇ ಕ್ಲಾಸು. ಮದುವೆಯಾಗಿ ಬಂದ ಮೇಲೆ ಗಂಡ ನಾಗಯ್ಯನ ಜೊತೆ ಗುಡ್ಡದ ಕಡೆಯ ಕ್ವಾರಿಯಲ್ಲಿ ಹನ್ನೊಂದು ವರ್ಷ ಜಲ್ಲಿ ಒಡೆದಳು. ಸಿಡಿಮದ್ದಿನ ಸದ್ದಿಗೆ ನಾಗಯ್ಯನ ಎರಡೂ ಕಿವಿ ಹೋದವು. ಆಮೇಲೆ ಕ್ವಾರಿ ಬಿಟ್ಟು ನಮ್ಮ ಸ್ಕೂಲಿನ ಒಲೆ ಹಿಡಿದಳು. ನಾನು ಟ್ರಾನ್ಸ್‌ಫರ್ ಆಗಿ ಬಂದ ವರ್ಷವೇ ಆವಮ್ಮನೂ ಬಂದದ್ದು. ಯಾವ ಹುಡುಗಿ ಬೆಳಿಗ್ಗೆ ಏನೂ ತಿನ್ನದೆ ಬಂದಿದ್ದಾಳೆ, ಯಾವ ಹುಡುಗ ಸಾರಿನ ತರಕಾರಿ ಎತ್ತಿ ಆಚೆ ಇಡ್ತಾನೆ, ಎಲ್ಲ ಆವಮ್ಮನಿಗೆ ಗೊತ್ತು. ನನಗೆ ಮಕ್ಕಳ ಹೆಸರೇ ದಸರಾ ರಜೆವರೆಗೂ ಬಾಯಿಗೆ ಬರಲ್ಲ.

ಈ ವರ್ಷ ಹೊಸ ಎಚ್‌ಎಂ ಅರ್ಪಿತ ಮೇಡಂ ಬಂದರು. ವಯಸ್ಸು ನನಗಿಂತ ಹತ್ತು ವರ್ಷ ಕಮ್ಮಿ, ಉತ್ಸಾಹ ಜಾಸ್ತಿ. ಒಂದೇ ವಿಷಯ ತಗೊಂಡು ಎಲ್ಲ ಪೀರಿಯಡ್‌ನಲ್ಲೂ ಅದನ್ನೇ ಕಲಿಸೋಣ, ಬಿಇಒ ಸಾಹೇಬರು ಬಂದು ನೋಡ್ತಾರೆ, ಚೆನ್ನಾಗಿರೋ ಪಾಠ ಒಂದನ್ನು ಅದರ ಟೀಚರ್ ಹೆಸರಿನ ಜೊತೆ ಮೈಸೂರಿಗೆ ಕಳಿಸ್ತಾರೆ ಅಂದರು. ವಿಷಯ ಯಾವುದು ಗೊತ್ತಾ? ಭೂಕಂಪ ಮತ್ತು ಜ್ವಾಲಾಮುಖಿ. ಮೈಸೂರಿಗೆ ನನ್ನ ಹೆಸರೇ ಹೋಗೋದು ಅಂತ ಆವತ್ತು ಮನೆಗೆ ಮೈಸೂರು ಪಾಕ್ ತಗೊಂಡು ಹೋದೆ.

ಮಾರನೇ ದಿನದಿಂದ ನನ್ನ ಆಸ್ತಿ ಹಂಚಿಕೆ ಶುರುವಾಯ್ತು. ಗಣಿತದವರು ಅಲೆಯ ವೇಗದ ಲೆಕ್ಕ ತಗೊಂಡರು. ಕನ್ನಡ ಮೇಷ್ಟ್ರು ನೆಲ ನಡುಗಿದ ದಿನದ ಕಥೆ ಬರೆಸ್ತೀನಿ ಅಂದರು. ಪಿಟಿ ಮಾಸ್ಟರು, ಎಂದೂ ಕ್ಲಾಸಿಗೆ ಕಾಲಿಡದವರು, ಮಕ್ಕಳನ್ನ ಬೆಂಚಿನ ಕೆಳಗೆ ತೂರಿಸೋ ಅಭ್ಯಾಸ ಶುರು ಹಚ್ಚಿದರು. ಇಷ್ಟು ವರ್ಷ ಭೂಕಂಪ ಎಲ್ಲಿತ್ತು ಇವರಿಗೆ ಅಂತ ನನಗೆ ಮೈಯೆಲ್ಲ ಉರೀತು. ಆದರೂ ಬೆಟ್ಟ ನನ್ನ ಹತ್ತಿರ ಇದೆಯಲ್ಲ ಅಂತ ಸುಮ್ಮನಿದ್ದೆ.

ಶನಿವಾರ ಮಕ್ಕಳ ಅಡುಗೆ ಮುಗಿದ ಮೇಲೆ ಪುಟ್ಟಬಸಮ್ಮ ನಮಗೆ, ಅಂದರೆ ಸ್ಟಾಫಿಗೆ, ಹಿಟ್ಟು ಉಪ್ಸಾರು ಮಾಡೋದು ಹಳೇ ವಾಡಿಕೆ. ನಮ್ಮ ಕಡೆ ಮುದ್ದೆಗೆ ಹಿಟ್ಟು ಅಂತೀವಿ. ಆ ಶನಿವಾರ ಕೈ ತೊಳೆಯೋಕೆ ಹೋದವನಿಗೆ ಎಂಟನೇ ಕ್ಲಾಸಿನ ಮಕ್ಕಳೆಲ್ಲ ಅಡುಗೆಮನೆಯಲ್ಲಿ ಸುತ್ತ ನಿಂತಿರೋದು ಕಾಣಿಸಿತು. ಎಸರು ಕುದೀತಿತ್ತು. ಆವಮ್ಮ ರಾಗಿ ಹಸಿಹಿಟ್ಟನ್ನ ಗುಡ್ಡೆಯಾಗಿ ನಡುವೆ ಸುರಿದು, ಕೋಲಿನಿಂದ ಗುಡ್ಡೆಯ ನೆತ್ತಿಗೆ ಒಂದು ತೂತು ಮಾಡಿದಳು. ಕೆಳಗಿನ ಎಸರು ಆ ತೂತಿನಿಂದ ಬುಳಬುಳ ಉಕ್ಕಿ ಗುಡ್ಡೆಯ ಮೈಮೇಲೆ ಇಳೀತು.

"ನೋಡ್ರವ್ವ, ಇದ್ಕೆ ಮ್ಯಾಲೆ ದಾರಿ ಕೊಡಬೇಕು. ಕೊಡ್ನಿಲ್ಲ ಅಂದ್ರೆ ಪಕ್ಕದಾಗೆ ಎಲ್ಲಿ ಮೆತ್ತಗದೋ ಅಲ್ಲಿ ಒಡ್ಕಂಡು ಬತ್ತದೆ," ಅಂದಳು.

ಮಕ್ಕಳ ಬಾಯಿ ತೆರೆದೇ ಇತ್ತು. ನನ್ನ ಬೆಟ್ಟ ನೋಡುವಾಗ ಇದೇ ಮಕ್ಕಳು ಆಕಳಿಸ್ತಾರೆ. ಧನುಶ್ರೀ ಅಂತ ಒಬ್ಬಳು ಚುರುಕು ಹುಡುಗಿ, "ಸಾ, ನಿಮ್ಮ ಬೆಟ್ಟದ ಒಳಗಡೆ ಬಿಸಿನೇ ಇಲ್ವಲ್ಲ ಸಾ," ಅಂದಳು. ಆ ಮಾತು ನನ್ನ ಎದೆಗೆ ಚುಚ್ಚಿತು. ಆವತ್ತು ಹಿಟ್ಟು ಅರ್ಧಕ್ಕೆ ಬಿಟ್ಟು ಎದ್ದೆ.

ಸೋಮವಾರ ಎಚ್‌ಎಂ ರೂಮಿಗೆ ಹೋದೆ. "ಮೇಡಂ, ಕುದಿಯೋ ಪಾತ್ರೆ ಹತ್ತಿರ ಮಕ್ಕಳು ಹೋಗಬಾರದು ಅಂತ ರೂಲ್ಸಿದೆ. ನಾಳೆ ಯಾರಿಗಾದ್ರೂ ಸುಟ್ಟರೆ ತಲೆ ಹೋಗೋದು ನಿಮ್ಮದು," ಅಂದೆ. ರೂಲ್ಸು ನಿಜ. ನಾನು ಹೇಳಿದ ಕಾರಣ ಸುಳ್ಳು. ಮೇಡಂ ಹೆದರಿ ಪುಟ್ಟಬಸಮ್ಮನ್ನ ಕರೆಸಿ, ಇನ್ನೊಂದು ಸಲ ಹೀಗಾದರೆ ಕೆಲಸದಿಂದ ತೆಗೀಬೇಕಾಗ್ತದೆ ಅಂದರು. ಅಡುಗೆಮನೆ ಬಾಗಿಲಿಗೆ ಮಕ್ಕಳು ಒಳಗೆ ಬರಬಾರದು ಅಂತ ಚೀಟಿ ಬಿತ್ತು. ಮುಂದಿನ ಶನಿವಾರವೂ ನನ್ನ ತಟ್ಟೆಗೆ ಎಂದಿನ ಗಾತ್ರದ ಹಿಟ್ಟೇ ಬಿತ್ತು. ಒಂಚೂರು ಸಣ್ಣದು ಮಾಡಿದ್ದರೆ ನನಗೆ ಎಷ್ಟೋ ಹಗುರಾಗೋದು.

ಬಿಇಒ ಸಾಹೇಬರು ಬಂದರು. ನಾನು ಇಸ್ತ್ರಿ ಷರ್ಟು ಹಾಕಿದ್ದೆ. ಬೆಟ್ಟ ಉಕ್ಕಿತು. ಸಾಹೇಬರು "ಗುಡ್" ಅಂದು ಫೋನ್ ನೋಡಿದರು. ಆಮೇಲೆ ಮಕ್ಕಳ ಕಡೆ ತಿರುಗಿ, "ದೂರದಲ್ಲಿ ನೆಲ ನಡುಗಿದರೆ ಎಷ್ಟು ದೂರ ಅಂತ ಹೆಂಗೆ ಗೊತ್ತಾಗ್ತದೆ, ಯಾರು ಹೇಳ್ತೀರಿ?" ಅಂದರು.

ಧನುಶ್ರೀ ಎದ್ದಳು. "ಗುಡ್ಡದ ಕ್ವಾರಿಲಿ ಮದ್ದಿಟ್ಟು ಬಂಡೆ ಒಡೀವಾಗ ನಾವು ಇಲ್ಲಿ ಊರಲ್ಲೇ ಚಪ್ಪಲಿ ಬಿಚ್ಚಿ ನಿಂತ್ಕಂಡಿದ್ವಿ ಸಾ. ಮೊದ್ಲು ಕಾಲಿಗೆ ಗೊತ್ತಾಯ್ತದೆ, ಶಬ್ದ ಆಮೇಲೆ ಬತ್ತದೆ. ಕಲ್ಲೊಳಗೆ ಬೇಗ ಬತ್ತದೆ, ಗಾಳೀಲಿ ನಿಧಾನ. ಕಾಲಿಗೆ ತಾಕಿದ ಮೇಲೆ ಆರು ಸೆಕೆಂಡು ಎಣಿಸಿದ್ವಿ. ಶಬ್ದ ಸೆಕೆಂಡಿಗೆ ಮುನ್ನೂರ ನಲವತ್ತು ಮೀಟರ್ ಅಂದ್ರೆ ಹತ್ತತ್ರ ಎರಡು ಕಿಲೋಮೀಟರ್. ಭೂಕಂಪದಲ್ಲೂ ಬೇಗ ಬರೋ ಅಲೆ ಒಂದು, ನಿಧಾನ ಬರೋದು ಒಂದು. ಎರಡರ ನಡುವಿನ ಹೊತ್ತು ಎಣಿಸಿದ್ರೆ ದೂರ ಸಿಗ್ತದೆ ಸಾ."

ಸಾಹೇಬರು ಫೋನ್ ಜೇಬಿಗೆ ಹಾಕಿದರು. ಬೋರ್ಡಿನ ಮೇಲೆ ಇಪ್ಪತ್ತೆರಡು ವರ್ಷ ಆ ಎರಡು ಅಲೆ ಗೀಚಿದ್ದೀನಿ. ಅದು ಕಾಲಿಗೆ ತಾಕೋ ವಸ್ತು ಅಂತ ನನಗೇ ಹೊಳೆದಿರಲಿಲ್ಲ.

"ಯಾರಮ್ಮ ಹೇಳಿಕೊಟ್ಟಿದ್ದು?"

"ನಂಜೇಶ್ ಸಾ," ಅಂದಳು ಹುಡುಗಿ, ನೆಲ ನೋಡ್ತಾ.

ಸಾಹೇಬರು ನನ್ನ ಕೈ ಕುಲುಕಿದರು. ಈ ಪಾಠವೇ ಮೈಸೂರಿಗೆ ಹೋಗಲಿ ಅಂದರು. ಧನುಶ್ರೀ ಹತ್ತಿರ ಬಗ್ಗಿ, ಯಾಕೆ ಸುಳ್ಳು ಹೇಳಿದೆ ಅಂತ ಮೆಲ್ಲಗೆ ಕೇಳಿದೆ.

"ಪುಟ್ಟಬಸಜ್ಜಿನೇ ಅಂಗೇಳಿದ್ದು ಸಾ. ನಾಗಯ್ಯ ತಾತಂಗೆ ಕಿವಿ ಇಲ್ವಲ್ಲ, ಅಜ್ಜಿ ಒನಕೇಲಿ ನೆಲ ಕುಟ್ಟಿ ಕರೀತದೆ. ಕಾಲಲ್ಲೇ ಗೊತ್ತಾಗಿ ತಿರುಗ್ತಾರೆ. ಅವರ ಮನೆ ಅಂಗಳದಲ್ಲಿ ಅದ ತೋರಿಸಿನೇ ನಮಗೆ ಹೇಳಿಕೊಟ್ಟಿದ್ದು. ಯಾರಾದ್ರೂ ಕೇಳಿದ್ರೆ ನಿಮ್ಮ ಹೆಸರು ಯೋಳಿ, ನನ್ನ ಹೆಸರು ಬಂದ್ರೆ ಕೆಲಸ ಓಯ್ತದೆ ಅಂತು."

ನಾನು ನೆಟ್ಟಗೆ ನಿಂತು ಸಾಹೇಬರಿಗೆ ಹೇಳಿಬಿಟ್ಟೆ. ಪಾಠ ನನ್ನದಲ್ಲ, ಪುಟ್ಟಬಸಮ್ಮಂದು, ಅಡುಗೆಮನೆ ಬಾಗಿಲು ಹಾಕಿಸಿದವನು ಮಾತ್ರ ನಾನು ಅಂದೆ. ಒಳ್ಳೇತನಕ್ಕೆ ಹೇಳಿದೆ ಅಂದ್ಕೋಬೇಡಿ. ಹೊಟ್ಟೆಕಿಚ್ಚಿಗೇ ಹೇಳಿದ್ದು. ಪಾಠವೂ ಆವಮ್ಮಂದೇ, ಅದನ್ನ ನನಗೆ ದಾನ ಮಾಡೋ ದೊಡ್ಡತನವೂ ಆವಮ್ಮಂದೇ ಅಂದರೆ ನನಗೇನು ಉಳೀತು?

ಸಾಹೇಬರು ಕರೆಸಿ ಅಂದರು. ಆವಮ್ಮ ಪಾತ್ರೆ ತೊಳೆದಿಟ್ಟು ಆಗಲೇ ಮನೆಗೆ ಹೋಗಿದ್ದಳು. ಅರ್ಪಿತ ಮೇಡಂ ನನ್ನ ಮುಖ ನೋಡಿದರು. ನಾನೇ ಹೊರಟೆ.

ಮನೆ ಸ್ಕೂಲಿನ ಹಿಂದಿನ ಬೀದಿಯಲ್ಲಿ. ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಅಂಗಳದಲ್ಲಿ ನಾಗಯ್ಯ ನನಗೆ ಬೆನ್ನು ಹಾಕಿ ಬರಿಗಾಲಲ್ಲಿ ಕೂತು ಹಗ್ಗ ಹೊಸೀತಿದ್ದ. "ನಾಗಯ್ಯಾ" ಅಂತ ಎರಡು ಸಲ ಕೂಗಿದೆ. ಕೂಗಿ ಏನು ಬಂತು. ಗೋಡೆಗೆ ಒನಕೆ ಒರಗಿಸಿತ್ತು. ಎತ್ತಿ ನೆಲಕ್ಕೆ ಒಂದು ಸಲ ಕುಟ್ಟಿದೆ.

ನಾಗಯ್ಯನ ಕೈ ನಿಂತಿತು. ತಿರುಗಲಿಲ್ಲ.

"ಯಾರಪ್ಪ ಅದು? ನಮ್ಮ ಪುಟ್ಟಬಸಿ ಏಟಲ್ಲ ಇದು," ಅಂದ ಗಟ್ಟಿಯಾಗಿ. "ಅವಳ ಏಟು ನಂಗೊತ್ತು. ನೀರಿಗೆ ಓಗವಳೆ, ಬತ್ತಾಳೆ, ಕೂತ್ಕಳಿ."

ಪುಟ್ಟಬಸಮ್ಮ ಕೊಡ ಹೊತ್ತು ಬಂದಳು. ನನ್ನ ಕೈಯಲ್ಲಿ ಒನಕೆ ನೋಡಿ ಗಾಬರಿಯಾಗಿ, "ನಂದೇನಾದ್ರೂ ತಪ್ಪಾಯ್ತಾ ಸಾ?" ಅಂದಳು. ಇಲ್ಲ ತಾಯಿ, ತಪ್ಪು ನಂದು, ಸಾಹೇಬರು ಕರೀತಾವ್ರೆ ಅಂದೆ. ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಮೈಸೂರಿಗೆ ಹೋದ ಕಾಗದದಲ್ಲಿ ಟೀಚರ್ ಹೆಸರು ಅನ್ನೋ ಕಡೆ ಪುಟ್ಟಬಸಮ್ಮ ಅಂತ ಬರೆದವನು ನಾನೇ. ಬರೆಯುವಾಗ ಹೊಟ್ಟೆ ಉರೀತು, ಅದನ್ನೇನು ಮುಚ್ಚಿಡಲ್ಲ. ಆದರೆ ಉರಿದದ್ದು ಮೈಸೂರಿಗಲ್ಲ, ಅವಳ ಏಟು ನಂಗೊತ್ತು ಅಂದ ನಾಗಯ್ಯನ ಮಾತಿಗೆ.

ಸಂಜೆ ನರಸೀಪುರದ ಮನೆ ಮುಂದೆ ಬೈಕ್ ನಿಲ್ಲಿಸಿದೆ. ಹಾರನ್ ಹೊಡೀಲಿಲ್ಲ. ಚಪ್ಪಲಿ ಬಿಟ್ಟು ಹೊಸಿಲಲ್ಲಿ ನಿಂತು ಕಾಲನ್ನ ಒಂದು ಸಲ ನೆಲಕ್ಕೆ ಬಡಿದೆ. ನನ್ನ ಹೆಂಡತಿ ಬೆನ್ನು ಹಾಕಿಕೊಂಡು ಟಿವಿ ನೋಡ್ತಿದ್ದಳು. ಅವಳ ಎರಡೂ ಕಿವಿ ನೆಟ್ಟಗಿವೆ. ಇನ್ನೊಂದು ಸಲ ಬಡಿದೆ.

"ಯಾರು? ಕೊರಿಯರ್ ಆದ್ರೆ ಅಲ್ಲೇ ಇಡಪ್ಪ," ಅಂದಳು ತಿರುಗದೆ.