ಹನುಮಪ್ಪಗ ಎರದಾಕಿ

ಪಶುವೈದ್ಯ ಓದೂ ಹುಡುಗೂರನ್ನ ಕಡೀ ವರ್ಷ ಎಲ್ಲ್ಯರ ಕೈ ಪಳಗಿಸಿಕೊಂಡು ಬರ್ರಿ ಅಂತ ಕಳಸ್ತಾರ. ನನ್ನ ಪಾಲಿಗೆ ಬಂದದ್ದು ಹಾವೇರ್ಯಾಗಿನ ಒಂದು ಸಣ್ಣ ಪ್ರಯೋಗಾಲಯ. ಕಾಡುಪ್ರಾಣಿ ಸತ್ತು ಬಿದ್ರ ಅದಕ್ಕ ಏನು ರೋಗ ಇತ್ತು ಅಂತ ಅಲ್ಲಿ ನೋಡ್ತಿದ್ರು. ಚಿಗರಿ, ನರಿ, ನವಿಲು, ಏನರ ಒಂದು ಬರ್ತಿತ್ತು. ನಮ್ಮ ಮನಿ ಬ್ಯಾಡಗಿ, ದಿನಾ ಬಸ್ಸಿನ್ಯಾಗ ಓಡಾಟ. ನಮ್ಮವ್ವ ಅಲ್ಲೇ ವ್ಯಾಪಾರಸ್ಥರ ಅಂಗಳದಾಗ ಮೆಣಸಿನಕಾಯಿ ತೊಟ್ಟು ಮುರಿಯೂ ಕೆಲಸಕ್ಕ ಹೋಗ್ತಾಳ. "ಇಷ್ಟು ಓದಿಸಿದ್ದು ಮಂಗ್ಯಾನ ಹೇಲು ನೋಡಾಕೇನು?" ಅಂತ ಓಣಿಗೆಲ್ಲ ಕೇಳೂವಂಗ ನನ್ನ ಆಡಿಕೊಳ್ತಿದ್ಳು. ಒಳಗ ಹೆಮ್ಮಿ ಇತ್ತು ಬಿಡ್ರಿ.

ನಾನಂತೂ ಹುಟ್ಟಾ ಅಂಜುಬುರುಕಿ. ಓದಿದಷ್ಟೂ ಅಂಜಿಕಿ ಕಮ್ಮಿ ಆಗ್ತದ ಅಂತಾರ, ಸುಳ್ಳು. ಯಾವ ಹುಳ ಎಲ್ಲಿ ಕಚ್ಚಿದ್ರ ಏನಾಗ್ತದ ಅಂತ ಗೊತ್ತಾದ ಮ್ಯಾಲ ನನಗ ಹಾಸಿಗಿ ಮ್ಯಾಲ ಒಂದು ಇರಬಿ ಹರದ್ರೂ ನಿದ್ದಿ ಬರ್ತಿರಲಿಲ್ಲ.

ಒಂದಿನ ರಾಣೆಬೆನ್ನೂರು ಕಡಿಂದ ಫೋನ್ ಬಂತು. ಹಲಗೇರಿ ಆಚೆ ಒಂದು ಹಳ್ಳ್ಯಾಗ ಸಾಲಾಗಿ ಮಂಗ್ಯಾ ಸಾಯಾಕತ್ತಾವ, ಲಗೂ ಬರ್ರಿ ಅಂದ್ರು. ನಮ್ಮ ಡಾಕ್ಟರ್ ನಡುವಯಸ್ಸಿನ ಹೆಣ್ಣುಮಗಳು, ಮಾತು ಕಮ್ಮಿ. ಸಾಮಾನು ತುಂಬಕೋತ, "ಮಂಗನ ಬ್ಯಾನಿ ಇರಬಹುದು. ಈ ಕಡಿ ಕಮ್ಮಿ, ಆದ್ರ ಇಲ್ಲ ಅನ್ನಾಕ ಬರೂದಿಲ್ಲ" ಅಂದ್ರು. ಆ ಬ್ಯಾನಿ ಉಣ್ಣಿಯಿಂದ ಬರ್ತದ. ಮಂಗ್ಯಾ ಸತ್ತು ಮೈ ತಣ್ಣಗಾದ ಕೂಡಲೇ ಉಣ್ಣಿ ಅದನ್ನ ಬಿಟ್ಟು ಬಿಸಿ ಮೈ ಹುಡಿಕ್ಕೊಂಡು ಹೊಂಡ್ತಾವ. ಹತ್ತಿರ ಯಾರು ಕುಂತಿರ್ತಾರೋ ಅವರೇ ಸಿಕ್ಕಾರು.

ಆ ಹಳ್ಳಿ ಹೆಸರು ಕೇಳಿ, ಯಾವ ಊರು ಅಂದ್ರಿ ಅಂತ ಎರಡೆರಡು ಸಲ ಕೇಳಿದೆ. ಅದು ನಮ್ಮವ್ವನ ತವರಮನಿ. ಹಿಂದಿನ ದಿನಾನ ಆಕಿ ಅಲ್ಲಿಗೆ ಹೋಗಿದ್ಳು.

ನಮ್ಮ ಕಡಿ ಮಂಗ್ಯಾ ಸತ್ರ ಯಾರೂ ಮಂಗ್ಯಾ ಸತ್ತದ ಅನ್ನೂದಿಲ್ಲ, ಹನುಮಪ್ಪ ತೀರಿಕೊಂಡ ಅಂತಾರ. ಮನಿ ಹಿರ್ಯಾ ಸತ್ತಂಗ ಕುಂದರಿಸಿ, ಎರದು, ಅರಿಷಿಣ ಕುಂಕುಮ ಹಚ್ಚಿ, ಭಜನಿ ಮಾಡಿ ಮಣ್ಣು ಕೊಡ್ತಾರ. ಊರಿಗೂರೇ ಮುಟ್ಟಿ ನಮಸ್ಕಾರ ಮಾಡ್ತದ. ದಾರಿಯುದ್ದಕ್ಕೂ ಅವ್ವಗ ಫೋನ್ ಹಚ್ಚಿದೆ. ಎತ್ತಲಿಲ್ಲ. ಎತ್ತೂದು ಹೆಂಗ? ಆಕಿ ಕೈ ಖಾಲಿ ಇರಲಿಲ್ಲ.

ಬಿಳಿ ಅಂಗಿ, ಮುಖದ ತುಂಬ ಮಾಸ್ಕು, ಕನ್ನಡಕ, ಕೈಗವಸು ಹಾಕ್ಕೊಂಡು ಗುಡಿ ಮುಂದ ಇಳಿದ್ವಿ. ಕಟ್ಟಿ ಮ್ಯಾಲ ನಮ್ಮವ್ವ ಕುಂತಿದ್ಳು. ತೊಡಿ ಮ್ಯಾಲ ಸತ್ತ ಮಂಗ್ಯಾನ ತಲಿ. ಸೆರಗಿನಿಂದ ಅದರ ಕಿವಿ ಒರಸಾಕತ್ತಿದ್ಳು. "ಏಳು, ಏಳು ಅಲ್ಲಿಂದ" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಆಕಿ ತಲಿ ಎತ್ತಿ ನೋಡಿ, "ಯಾರ್ರಿ ನೀವು? ಮ್ಯಾಲ ಬೀಳಾಕ ಬರ್ತೀರಿ, ಸತ್ತವರ ಮುಂದ ಹಿಂಗ ಒದರಬಾರದು" ಅಂತ ಬೈದ್ಳು. ನನ್ನ ಹಡದ ತಾಯಿ ನನಗ ರಿ ಹಚ್ಚಿ ಮಾತಾಡಿದ್ದು ಅವತ್ತ ಒಂದೇ. "ಅವ್ವಾ, ನಾನು" ಅಂದ ಮ್ಯಾಲ ಎದ್ದಳು.

ಡಾಕ್ಟರ್ ಮಂದೀನ ದೂರ ಸರಿಸಿ, ಹಿರ್ಯಾರಿಗೆ ಕೈ ಮುಗುದು ಕೇಳಿಕೊಂಡು, ಮಣ್ಣು ಕೊಡಾಕ ತೋಡಿದ್ದ ಕುಣಿ ಬಾಜೂಕನ ಅದನ್ನ ಕೊಯ್ದರು. ನಾ ಎರಡೂ ಕೈ ಅದರ ಹೊಟ್ಯಾಗ ಹಾಕಿ ಅವರು ಹೇಳಿದ್ದನ್ನ ಎತ್ತಿ ಹಿಡದೆ. ಅವ್ವ ದೂರ ಬೇವಿನ ಗಿಡದ ಕೆಳಗ ನಿಂತು ನೋಡಾಕತ್ತಿದ್ಳು. ನನ್ನ ಕಣ್ಣೆಲ್ಲ ಆಕಿ ಸೀರಿ ಮ್ಯಾಲ. ಕೆಲಸ ಮುಗದ ಮ್ಯಾಲ ಆಕೀನ ಮಾಮಾನ ಮನಿ ಬಚ್ಚಲಕ್ಕ ಕರಕೊಂಡು ಹೋಗಿ, ಸಣ್ಣ ಕೂಸಿನಂಗ ತಿಕ್ಕಿ ತಿಕ್ಕಿ ಎರದೆ. ಕೂದಲ ಬಿಡಿಸಿ ನೋಡಿದೆ, ಬಗಲು ನೋಡಿದೆ. ಮಣಕಾಲ ಹಿಂದ ಒಂದು ಉಣ್ಣಿ ಕಚ್ಚಿಕೊಂಡಿತ್ತು. ಚಿಮಟದಿಂದ ತಗದು ಬಾಟ್ಲಿಗೆ ಹಾಕಿದೆ. "ಆಕಳ ಉಣ್ಣಿ ಇರಬೇಕ ತಗೋ" ಅಂದ್ಳು ಅವ್ವ.

ಮಾದರಿ ಎಲ್ಲ ದೊಡ್ಡ ಪ್ರಯೋಗಾಲಯಕ್ಕ ಹೋದವು. ವರದಿ ಬರೂತನಕ ನನಗ ಅನ್ನ ಇಳೀಲಿಲ್ಲ. ಆ ಬ್ಯಾನಿಗೆ ಇಂಥಾದ್ದ ಅನ್ನೂ ಔಷಧ ಇಲ್ಲ. ಜ್ವರ ಬರ್ತದ, ತಲಿ ಒಡೀತದ, ಜೋರಾದ್ರ ಒಸಡಿನ್ಯಾಗ ರಕ್ತ. ಮುಂಜಾನೆದ್ದು "ಬಾಯಿ ತಗಿ" ಅಂತ ಅವ್ವನ ಬೆನ್ನ ಹತ್ತತಿದ್ದೆ. ಒಮ್ಮೆ ಬಾಯಿ ತಗದ್ರ ಕೆಂಪಗ! ನಾ ಚೀರಿಬಿಟ್ಟೆ. "ಹುಚ್ಚಿ, ಎಲಿ ಅಡಕಿ" ಅಂತ ಉಗುಳಿ ತೋರಿಸಿದ್ಳು.

ಅಂಜಿದವರ ಮ್ಯಾಲ ಕಪ್ಪಿ ಒಗದಂಗ, ಆ ವಾರದಾಗ ಆಕಿಗೆ ಖರೇನ ಜ್ವರ ಬಂತು. ಸುಡೂ ಜ್ವರ, ತಲಿನೋವು. ಹಾವೇರಿ ದವಾಖಾನಿಗೆ ಹಾಕಿದ್ವಿ. ರಕ್ತ ತಗೊಂಡ್ರು. ನಾ ಕೈ ಹಿಡೀಲಿಕ್ಕೆ ಹ್ವಾದ್ರ ಅವ್ವ ಗ್ವಾಡಿ ಕಡಿ ಸರದು, "ದೂರ ನಿಂದ್ರು, ಮುಟ್ಟಬ್ಯಾಡ" ಅಂದ್ಳು. ಮನುಷ್ಯಾರಿಂದ ಮನುಷ್ಯಾರಿಗೆ ಹತ್ತೂದಿಲ್ಲವ್ವಾ ಅಂತ ಹೇಳಿದೆ. "ನಿನ್ನ ಪುಸ್ತಕದ ಮಾತು ನನಗ ಬ್ಯಾಡ" ಅಂದು ಕಂಬಳಿ ಎಳಕೊಂಡ್ಳು. ನಾ ಸ್ಟೂಲ್ ಮ್ಯಾಲ ಕುಂತು, ಆಕಿ ಸತ್ರ ನಾ ಯಾರಿಗೆ ಅವ್ವಾ ಅನ್ನಲಿ ಅಂತ ಅದನ್ನೊಂದ ವಿಚಾರ ಮಾಡ್ತಿದ್ದೆ.

ಮರುದಿನ ಮಧ್ಯಾಹ್ನ ನಮ್ಮ ಪ್ರಯೋಗಾಲಯದ ಡಾಕ್ಟರ್ ಫೋನ್ ಮಾಡಿದ್ರು. ಮಂಗ್ಯಾನ ಮಾದರಿಯೊಳಗ ಆ ಬ್ಯಾನಿ ಇಲ್ಲ, ಉಣ್ಣಿಯೊಳಗೂ ಇಲ್ಲ. ಯಾವುದೋ ವಿಷ ತಿಂದು ಸತ್ತಿದ್ದವು. ದವಾಖಾನ್ಯಾಗೂ ಅವರೇ ಕೇಳಿ ತಿಳಕೊಂಡಿದ್ರು, ಅವ್ವನ ರಕ್ತದಾಗ ಸಿಕ್ಕದ್ದು ಟೈಫಾಯ್ಡ್, ಔಷಧಕ್ಕ ಇಳಿಯೂವಂಥಾದ್ದು. ಫೋನ್ ಇಟ್ಟು ಓಡಿ ಒಳಗ ಬಂದೆ.

"ಅವ್ವಾ, ಮಂಗ್ಯಾಗ ಆ ರೋಗ ಇರಲಿಲ್ಲಂತ" ಅಂದೆ.

ಅವ್ವ ಕಂಬಳಿ ತಗದು ನನ್ನ ಕೈ ಎರಡೂ ಹಿಡದು, ಮುಂಗೈ ಒಮ್ಮೆ, ಅಂಗೈ ಒಮ್ಮೆ ಹೊಳ್ಳಿಸಿ ನೋಡಿದ್ಳು. "ಹಂಗಾರ ನಿನಗೇನೂ ಆಗೂದಿಲ್ಲ ಹೌದಿಲ್ಲೋ? ಅದರ ಹೊಟ್ಯಾಗ ನೀ ಕೈ ಹಾಕಿದ್ದು ನೋಡಿದಾಗಿಂದ ನನಗ ನಿದ್ದಿ ಇಲ್ಲ" ಅಂದ್ಳು. ಹಂಗ ಅನ್ನಕೋತ ಅಳಾಕ ಸುರು ಮಾಡಿದ್ಳು. ತನ್ನ ಜ್ವರ ಏನಂತ ಆಕಿ ಇನ್ನೂ ಕೇಳೇ ಇರಲಿಲ್ಲ.