ಅಕ್ಕಯ್ಯಮ್ಮ ನುಂಗಿಕೊಂಡಿದ್ದ ಮೂರನೇ ನುಡಿ

ಪೆರೇಸಂದ್ರದ ಅಕ್ಕಯ್ಯಮ್ಮನಿಗೆ ತಾನೇ ಕಟ್ಟಿದ ಹಾಡು ಕಿವಿಗೆ ಬಿದ್ದರೆ ಮೈ ಉರಿಯುತ್ತಿತ್ತು. ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ಹೆಣ್ಣು ಒಪ್ಪಿಸುವ ಹೊತ್ತಿಗೆ ಆ ಹಾಡಿಲ್ಲದ ಮದುವೆಯೇ ಇರಲಿಲ್ಲ. ಹಬ್ಬಕ್ಕೆ ಕರೆಯಲು ಬಂದ ಅಣ್ಣನ ಗಾಡಿ ಕಂಡು ತಂಗಿ ಹಿಗ್ಗಿ ಹಾಡಿದಳಂತೆ ಎಂಬ ಕಥೆ ಬೇರೆ. ಅದನ್ನು ಹುಟ್ಟಿಸಿದವನು ನಗರಗೆರೆಯಲ್ಲಿದ್ದ ಅವಳ ಅಣ್ಣ ಆವುಲಪ್ಪನೇ. ಯಾರ ಮನೆ ಚಪ್ಪರದಡಿ ಕೂತರೂ ಮೀಸೆ ತೀಡಿಕೊಂಡು ಅದನ್ನೇ ಹೇಳುತ್ತಿದ್ದ, ನಾಚಿಕೆಗೆಟ್ಟವನು.

ನಡೆದದ್ದೇ ಬೇರೆ. ಹನ್ನೆರಡು ವರ್ಷದ ಹಿಂದೆ ಅವರಮ್ಮ ಹಾಸಿಗೆ ಹಿಡಿದು, ಮೂರು ದಿನ "ಅಕ್ಕಯ್ಯನ್ನ ಕರೆಸಪ್ಪ" ಎಂದು ಮಗನನ್ನು ಬೇಡಿದ್ದಳು. ಕಡಲೆಕಾಯಿ ಕೀಳುವ ಕಾಲ, ಎತ್ತಿಗೆ ಬಿಡುವಿಲ್ಲ ಎಂದು ಆವುಲಪ್ಪ ಗಾಡಿ ಕಟ್ಟಲಿಲ್ಲ. ಆಳು ಬಂದು ಸುದ್ದಿ ಮುಟ್ಟಿಸಿದ್ದು ಮಣ್ಣು ಮಾಡಿದ ಮೇಲೆ. ಅಮ್ಮ ಬೇಡಿಕೊಂಡದ್ದನ್ನೂ ಆ ಆಳೇ ಬಾಯಿಬಿಟ್ಟ. ಆ ವಾರ ರಾಗಿ ಬೀಸುತ್ತ ಅಕ್ಕಯ್ಯಮ್ಮ ಮೂರು ನುಡಿ ಕಟ್ಟಿದಳು. ಎರಡರಲ್ಲಿ ಅಣ್ಣನ ಗಾಡಿಗೆ ಕಾಯುವ ತಂಗಿ. ಮೂರನೆಯದನ್ನು ತವರಿನ ಮಾನ ಹೋದೀತೆಂದು ನುಂಗಿಕೊಂಡಳು. ಜೊತೆಗೆ ಬೀಸುತ್ತಿದ್ದವರು ಎರಡನ್ನೇ ಕಲಿತು ಊರೂರಿಗೆ ಹಂಚಿದರು.

೧೯೬೧ರಲ್ಲಿ ಆವುಲಪ್ಪನ ಮಗಳು ವರಲಕ್ಷ್ಮಿಯ ಮದುವೆ. ಅಕ್ಕಯ್ಯಮ್ಮ ಹೋದದ್ದು ಆ ಹುಡುಗಿಯ ಮುಖ ನೋಡಿ. ಹೆಣ್ಣು ಒಪ್ಪಿಸುವ ಹೊತ್ತಿಗೆ, ಹಾಡು ಬರೆದುಕೊಳ್ಳಲು ಗೌರಿಬಿದನೂರಿನಿಂದ ಬಂದಿದ್ದ ವೆಂಕಟೇಶಮೂರ್ತಿ ಮೇಷ್ಟ್ರ ಮುಂದೆ ಆವುಲಪ್ಪ ಶುರುಮಾಡಿದ.

"ನನ್ ತಂಗಿಗೆ ನಾನಂದ್ರೆ ಪ್ರಾಣ ಮೇಷ್ಟ್ರೇ. ಗಾಡಿ ಕಳಿಸೋದು ಒಂದ್ ದಿನಾನೂ ತಡ ಮಾಡ್ದೋನಲ್ಲ ನಾನು. ಅದನ್ನೂ ಬರ್ಕೊಳ್ಳಿ. ಹಾಡಮ್ಮ ಅಕ್ಕಯ್ಯ."

ತಡ ಮಾಡಿದವನಲ್ಲವಂತೆ. ಅಕ್ಕಯ್ಯಮ್ಮ ಹಾಡಿದಳು.

ಒಬ್ಬಳು ಸಾಲು ಹೇಳಿದರೆ ಮಿಕ್ಕ ಹೆಂಗಸರು ಅದನ್ನೇ ತಿರುಗಿ ಹೇಳುವುದು ಅಲ್ಲಿಯ ರೂಢಿ. ಎರಡು ನುಡಿ ಮುಗಿದು ಎಲ್ಲರೂ ಕಣ್ಣೊರೆಸಿಕೊಳ್ಳುವಾಗ ಅವಳು ನಿಲ್ಲಿಸದೆ ಮುಂದುವರಿದಳು.

"ಹೆತ್ತಮ್ಮ ಮೂರು ದಿನ ನನ್ನೆಸರ ಕರೆದಾಳು
ಎತ್ತಿದ್ರೂ ಗಾಡಿ ಕಟ್ಟಿಲ್ಲ, ನಮ್ಮಣ್ಣ
ಸತ್ತಾದ ಮೇಲೆ ಹೇಳಿ ಕಳಿಸ್ಯಾನೆ"

ಹೆಂಗಸರು ಅಭ್ಯಾಸದಂತೆ ಒಂದೊಂದು ಸಾಲನ್ನೂ ತಿರುಗಿ ಹೇಳಿಬಿಟ್ಟರು. ಹಸೆಮಣೆಯ ಪಕ್ಕದಿಂದ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವಳು ಆವುಲಪ್ಪನ ಹೆಂಡತಿ ಅಮ್ಮಾಜಮ್ಮ. ಆ ಮೂರು ದಿನವೂ ಅತ್ತೆಯ ಬಾಯಿಗೆ ನೀರು ಬಿಟ್ಟವಳು ಅವಳೇ.

"ಆ ನುಡಿ ಹೊಡೆದಾಕಿ ಮೇಷ್ಟ್ರೇ," ಎಂದ ಆವುಲಪ್ಪ.

"ಹೊಡೆದ್ರೆ ಮೂರನ್ನೂ ಹೊಡೀರಿ," ಎಂದಳು ಅಕ್ಕಯ್ಯಮ್ಮ. "ಎರಡೇ ಇಟ್ರೆ ಅದು ಇವನ ಸುಳ್ಳು, ನನ್ ಹಾಡಲ್ಲ."

ಮೇಷ್ಟ್ರು ಯಾರ ಪಕ್ಷವನ್ನೂ ಹಿಡಿಯದೆ ಪುಸ್ತಕ ಮಡಚಿ ಜೋಳಿಗೆಗೆ ಹಾಕಿಕೊಂಡರು. ಆವುಲಪ್ಪನ ಮನೆ ಊಟ ಉಂಡವರು, ಪಾಪ, ಇನ್ನೇನು ಮಾಡಿಯಾರು.

ವರಲಕ್ಷ್ಮಿ ಅಪ್ಪನ ಕಾಲಿಗೆ ನಮಸ್ಕರಿಸಿ ಎದ್ದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ.

"ಅಪ್ಪ, ಅಮ್ಮ ಹಾಸಿಗೆ ಹಿಡಿದ್ರೆ ನಂಗೆ ಹೇಳಿ ಕಳಿಸ್ತೀಯ ತಾನೆ?"

ಅಮ್ಮಾಜಮ್ಮ ಮಗಳ ಮಡಿಲಿನ ಅಕ್ಕಿ ಸರಿಮಾಡುತ್ತ ಹೇಳಿದಳು:

"ಇವರನ್ನ ನೆಚ್ಕೊಂಡು ಕೂತ್ಕೋಬೇಡ ಕಣಮ್ಮ. ಆಗಾಗ ನೀನೇ ಬಂದು ನೋಡ್ಕೊಂಡು ಹೋಗು."