ಗಾಲಿಗೆ ಬಿಟ್ಟ ಕುಸುಬಿ ಎಣ್ಣೆ

ಎಂಬತ್ತರ ದಶಕದಲ್ಲಿ ಇಡೀ ಜೇವರ್ಗಿಯಲ್ಲಿ ರಿಮೋಟಿನಿಂದ ಹಾರಿಸುವ ಪುಟ್ಟ ವಿಮಾನ ಇದ್ದದ್ದು ನನ್ನೊಬ್ಬನ ಬಳಿ. ಮೇಲೇರಿದೊಡನೆ ಅದರ ಗಾಲಿಗಳು ರೆಕ್ಕೆಯೊಳಗೆ ಮಡಚಿಕೊಳ್ಳುತ್ತಿದ್ದವು. ಎರೆಹೊಲದ ಮಣ್ಣು ಸೇರಿ ಗಾಲಿಯ ಕೀಲು ಬಿಗಿಯಾದಾಗ, ಈ ಊರಲ್ಲಿ ಯಾರನ್ನು ಕೇಳುವುದು ಎಂದು ಗೊಣಗುತ್ತ ಅಡುಗೆಮನೆಯ ಕುಸುಬಿ ಎಣ್ಣೆ ಬಿಟ್ಟೆ. ತಿಂಗಳೊಪ್ಪತ್ತಿನಲ್ಲಿ ಒಂದು ದಿನ ಗಾಲಿ ಹೊರಬರಲೇ ಇಲ್ಲ. ವಿಮಾನ ಹೊಟ್ಟೆಯ ಮೇಲೆ ಇಳಿದು ಮುರಿಯಿತು.

ಅದನ್ನು ಎತ್ತಿಕೊಂಡು ಬರುವಾಗ ಎದುರುಮನೆಯ ದರ್ಜಿ ನನ್ನನ್ನು ತಡೆದು, ಕೀಲು ಮೂಸಿ ನೋಡಿದ.

"ಕುಸುಬಿ ಎಣ್ಣಿ ಒಣಗಿದ್ರ ಅಂಟ್ ಆಗ್ತದ್ರಿ. ನನ್ನ ಬಲ್ಲಿ ಹೊಲಿಗಿ ಮಷೀನಿನ ಎಣ್ಣಿ ಅದಲ್ರಿ, ಒಂದ್ ಮಾತ್ ಕೇಳಬಾರ್ದೇನ್ರಿ?"

ಆರು ವರ್ಷದಿಂದ ನಮ್ಮ ಬಾಗಿಲುಗಳು ಎದುರುಬದುರಾಗಿದ್ದವು. ಅವನ ದನಿಯನ್ನು ನಾನು ಕೇಳಿದ್ದು ಅದೇ ಮೊದಲು.